ಒಂದುಗೂಡಿಸುವುದೊಂದೇ ಸಮಾಲೋಚನೆಯಲ್ಲ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬಂಧುಗಳ ಮನೆಯ ಕಾರ್ಯವೊಂದಕ್ಕೆ ಕಡೂರು ತಾಲ್ಲೂಕಿನ ಸಿಂಗಟಗೆರೆಗೆ ಹೋಗಿದ್ದೆ. ಬಸ್ಸಿಗಾಗಿ ಕಾಯುತ್ತಿದ್ದಾಗ ಒಂದು ದೃಶ್ಯ ಕಣ್ಣಿಗೆ ಬಿತ್ತು. ಕಲ್ಲುಬೆಂಚಿನ ಈ ತುದಿಯಲ್ಲಿ ಒಬ್ಬ ವೃದ್ಧರು, ಆ ತುದಿಯಲ್ಲಿ ಒಬ್ಬ ವೃದ್ಧೆ. ನಡುವೆ ಏಳೆಂಟು ವರ್ಷದ ಹುಡುಗ, ಅವನ ಕಾಲಬಳಿ ಬಟ್ಟೆ ತುಂಬಿದ ಚೀಲ. ಬಸ್ಸು ಬಂದಿತು. ವೃದ್ಧರು ಚೀಲವನ್ನೆತ್ತಿ ಹುಡುಗನ ಹೆಗಲಿಗೆ ಹಾಕಿದರು. ವೃದ್ಧೆ ಅವನ ಕೈ ಹಿಡಿದು ಬಸ್ಸು ಹತ್ತಿದರು. ಅವರಿಬ್ಬರ ನಡುವೆ ಒಂದು ಮಾತೂ ನಡೆಯಲಿಲ್ಲ. ವೃದ್ಧರು ಹುಡುಗನ ತಂದೆಯ ತಂದೆ, ವೃದ್ಧೆ ತಾಯಿಯ ತಾಯಿ ಎಂದು ಪಕ್ಕದ ಅಂಗಡಿಯವರು ಹೇಳಿದರು. ತಾಯಿ ಬೆಂಗಳೂರಿನ ಸಿದ್ಧ ಉಡುಪು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ, ತಂದೆ ಊರಿನಲ್ಲಿಯೇ ಇದ್ದಾನೆ. “ಕೋರ್ಟೂ ಇಲ್ಲ, ಕಚೇರಿಯೂ ಇಲ್ಲ ಸ್ವಾಮಿ, ಮೂರು ವರ್ಷದಿಂದ ಹೀಗೇ. ಯಾರ ಕಡೆಯವರು ಮೊದಲು ಬಂದರೆ ಅವರ ಜೊತೆ ಹೋಗ್ತಾನೆ” ಎಂದರು ಅವರು.

ಈ ದಂಪತಿಯ ಹೆಸರು ಯಾವ ನ್ಯಾಯಾಲಯದ ಕಡತದಲ್ಲಿಯೂ ಇಲ್ಲ, ಯಾವ ಸಮಾಲೋಚನಾ ಕೇಂದ್ರದ ವಹಿಯಲ್ಲಿಯೂ ಇಲ್ಲ. ಆದುದರಿಂದ ಸರ್ಕಾರದ ಲೆಕ್ಕದಲ್ಲಿ ಇಲ್ಲಿ ಕೌಟುಂಬಿಕ ವಿವಾದವೇ ಇಲ್ಲ. ನಮ್ಮ ರಾಜ್ಯದಲ್ಲಿ ಕುಟುಂಬ ಸಮಾಲೋಚನೆ ಮತ್ತು ಮಧ್ಯಸ್ಥಿಕೆಯ ಸೇವೆಗಳು ಎಷ್ಟಿವೆ ಎಂಬ ಪ್ರಶ್ನೆಗಿಂತ ಅವುಗಳನ್ನು ಯಾರು ಬಳಸುತ್ತಿದ್ದಾರೆ, ಯಾರು ಬಳಸುತ್ತಿಲ್ಲ ಮತ್ತು ಏಕೆ ಎಂಬ ಪ್ರಶ್ನೆ ಹೆಚ್ಚು ಮುಖ್ಯವೆಂದು ನನಗೆ ತೋರುವುದು ಈ ಕಾರಣದಿಂದಲೇ.

ಕಾನೂನಿನ ಕೊರತೆಯಂತೂ ಇಲ್ಲ. ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಕುಟುಂಬ ಸಮಾಲೋಚನಾ ಕೇಂದ್ರಗಳ ಯೋಜನೆಯನ್ನು ಆರಂಭಿಸಿದ್ದು 1983ರಲ್ಲಿ. ಮರುವರ್ಷವೇ ಬಂದ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ, ವಾದ-ಪ್ರತಿವಾದಕ್ಕೆ ಮೊದಲು ರಾಜಿಗೆ ಪ್ರಯತ್ನಿಸುವುದು ನ್ಯಾಯಾಧೀಶರ ಕರ್ತವ್ಯವೆಂದು 9ನೆಯ ಕಲಮಿನಲ್ಲಿ ವಿಧಿಸಿತು. ಸಮಾಲೋಚಕರ ನೇಮಕಕ್ಕೂ ಅವಕಾಶ ಕಲ್ಪಿಸಿತು. ಆದರೆ ಹತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರ, ಪಟ್ಟಣಗಳಲ್ಲಿ ಮಾತ್ರ ಇಂಥ ನ್ಯಾಯಾಲಯ ಕಡ್ಡಾಯ. ಉಳಿದೆಡೆ ಅದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯ. ಕುಟುಂಬಗಳು ಒಡೆಯುವುದು ದೊಡ್ಡ ನಗರಗಳಲ್ಲಿ ಮಾತ್ರ ಎಂಬ ನಂಬಿಕೆ ಆಗಿನ ಶಾಸನಕರ್ತರಿಗೆ ಇದ್ದಿರಬೇಕು. 2000-01ರಲ್ಲಿ ನಮ್ಮ ರಾಜ್ಯ ಸರ್ಕಾರ ಸ್ವಯಂಸೇವಾ ಸಂಸ್ಥೆಗಳ ಮೂಲಕ ‘ಸಾಂತ್ವನ’ ಯೋಜನೆಯನ್ನು ತಂದಿತು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ ಸಂರಕ್ಷಣಾಧಿಕಾರಿಗಳಾದರು. 2007ರ ಜನವರಿಯಲ್ಲಿ ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ಆರಂಭವಾಯಿತು. ಆ ವ್ಯವಸ್ಥೆ ಅನಂತರ ಜಿಲ್ಲಾ ಕೇಂದ್ರಗಳಿಗೂ ಹಬ್ಬಿತು. ಮಧ್ಯಸ್ಥಿಕೆ ಕೇಂದ್ರಗಳು ವ್ಯಾಜ್ಯ ಹೂಡುವ ಮೊದಲೇ ದಂಪತಿಗಳ ಅಹವಾಲು ಕೇಳುವ ವಿಭಾಗಗಳನ್ನು ತೆರೆಯಬೇಕು, ಅದಕ್ಕೆ ಪ್ರಚಾರ ಕೊಡಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶಿಸಿತು. ಕಡೂರಿನಂತಹ ತಾಲ್ಲೂಕಿನಲ್ಲಿ ಹಿರಿಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಮತ್ತು ಮಕ್ಕಳಿಗೆ ಅಲ್ಲಿ ಉಚಿತ ನೆರವು ದೊರೆಯಬೇಕೆಂಬುದು ಕಾಯ್ದೆಯ ಮಾತು. ಲೋಕ ಅದಾಲತ್‌ನಲ್ಲಿ ಆದ ರಾಜಿ ನ್ಯಾಯಾಲಯದ ಡಿಕ್ರಿಗೆ ಸಮಾನ. ಅದರ ಮೇಲೆ ಮೇಲ್ಮನವಿಯೂ ಇಲ್ಲ.

ಇಷ್ಟೆಲ್ಲ ಇದ್ದೂ ಬಳಕೆ ಹೇಗಿದೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಒಮ್ಮೆಯಾದರೂ ಹಿಂಸೆ ಅನುಭವಿಸಿದ್ದಾಗಿ ಹೇಳಿಕೊಂಡರು. ಅದರ ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 20.6. ಐದಾರು ವರ್ಷಗಳಲ್ಲಿ ಹಿಂಸೆ ಇಮ್ಮಡಿಯಾಯಿತೋ, ಹೇಳಿಕೊಳ್ಳುವ ಧೈರ್ಯ ಇಮ್ಮಡಿಯಾಯಿತೋ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ಚರ್ಚಿಸಲಿ. ನನ್ನ ಗಮನ ಸೆಳೆದದ್ದು ಅದೇ ಸಮೀಕ್ಷೆಯ ಇನ್ನೊಂದು ಅಂಕಿ: ದೇಶದಾದ್ಯಂತ ಹಿಂಸೆಗೊಳಗಾದ ಮಹಿಳೆಯರಲ್ಲಿ ನೆರವು ಕೋರಿದವರು ಶೇ 14 ಮಾತ್ರ. ಹಾಗೆ ಕೋರಿದವರಲ್ಲಿಯೂ ಹೆಚ್ಚಿನವರು ಹೋದದ್ದು ತವರಿಗೆ. ಪೊಲೀಸು, ವಕೀಲರು, ಸಮಾಜಸೇವಾ ಸಂಸ್ಥೆ ಎಲ್ಲವೂ ಅದರ ನಂತರ, ಬಹಳ ದೂರದಲ್ಲಿ.

ಅರ್ಥಶಾಸ್ತ್ರ ಓದಿದವರಿಗೆ ಇದು ಒಗಟಾಗಬಾರದು. ಸೇವೆಯ ಬೆಲೆ ಸೊನ್ನೆಯಿರಬಹುದು. ಸೇವೆಯನ್ನು ತಲುಪುವ ವೆಚ್ಚ ಸೊನ್ನೆಯಲ್ಲ. ಸಿಂಗಟಗೆರೆ ಹೋಬಳಿಯ ಒಳಹಳ್ಳಿಯೊಂದರಿಂದ ಹೆಂಗಸೊಬ್ಬಳು ಕಡೂರಿಗೋ ಚಿಕ್ಕಮಗಳೂರಿಗೋ ಹೋಗಬೇಕಾದರೆ ಒಬ್ಬಳೇ ಹೋಗುವುದಿಲ್ಲ. ಅಣ್ಣನೋ ತಾಯಿಯೋ ಜೊತೆಗೆ ಬರಬೇಕು. ಎರಡು ಆಳಿನ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು, ಮಧ್ಯಾಹ್ನದ ಊಟ. ರಾಗಿ ಕೊಯ್ಲಿನ ಕಾಲವಾದರೆ ಆ ಕೂಲಿಯ ಬೆಲೆ ಇನ್ನೂ ಹೆಚ್ಚು. ಇಂತಹ ಪ್ರಯಾಣ ಒಂದಲ್ಲ, ನಾಲ್ಕಾರು. ಗಂಡಿನ ಕಡೆಯವರು ಬಾರದ ದಿನ ಎಲ್ಲವೂ ವ್ಯರ್ಥ. ಶಕ್ತಿ ಯೋಜನೆಯಿಂದಾಗಿ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಮಹಿಳೆಯರ ಟಿಕೆಟ್ಟಿನ ಹೊರೆ ತಪ್ಪಿತು ಎಂಬುದು ನಿಜ. ಆ ಯೋಜನೆಯ ಲಾಭಗಳ ಪಟ್ಟಿಯಲ್ಲಿ ಇದನ್ನು ಯಾರೂ ಬರೆದುಕೊಂಡಿರಲಾರರು. ಕೂಲಿಯ ನಷ್ಟ ಮಾತ್ರ ಹಾಗೆಯೇ ಉಳಿದಿದೆ.

ಎರಡನೆಯ ವೆಚ್ಚ ರೂಪಾಯಿಯಲ್ಲಿ ಅಳೆಯುವಂತಹುದಲ್ಲ. ಮಹಾನಗರದಲ್ಲಿ ಸಮಾಲೋಚಕರ ಬಳಿ ಹೋಗುವ ದಂಪತಿಯನ್ನು ನೆರೆಯವರು ಗುರುತಿಸುವುದಿಲ್ಲ. ಹೋಬಳಿ ಕೇಂದ್ರದಲ್ಲಿ ಯಾರು ಯಾವ ಬಸ್ಸಿಳಿದು ಯಾವ ಕಚೇರಿಯ ಮೆಟ್ಟಿಲು ಹತ್ತಿದರೆಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ದೂರದ ಸೇವೆ ಗುಟ್ಟನ್ನು ಕಾಪಾಡುತ್ತದೆ, ಆದರೆ ಕೈಗೆಟುಕುವುದಿಲ್ಲ. ಹತ್ತಿರದ ಸೇವೆ ಕೈಗೆಟುಕುತ್ತದೆ, ಆದರೆ ಮಾನ ಕಳೆಯುತ್ತದೆ. ಪೊಲೀಸ್ ಠಾಣೆಯ ಪಕ್ಕದಲ್ಲಿಯೋ ಒಳಗಡೆಯೋ ಸಮಾಲೋಚನಾ ಕೊಠಡಿಯನ್ನು ತೆರೆದು, ಜನ ಬರುತ್ತಿಲ್ಲವೆಂದು ವರದಿ ಬರೆಯುವ ನಮ್ಮ ಆಡಳಿತಕ್ಕೆ ಈ ಸೂಕ್ಷ್ಮ ಅರ್ಥವಾಗುವುದಿಲ್ಲ. ನಾನೂ ಆ ಆಡಳಿತದ ಭಾಗವಾಗಿದ್ದವನೇ. ನನಗೂ ಆಗ ಅರ್ಥವಾಗಿರಲಿಲ್ಲ.

ಹಾಗೆಂದು ಈ ಸೀಮೆಯ ಜನ ಮಧ್ಯಸ್ಥಿಕೆಯೆಂಬುದನ್ನೇ ಅರಿಯರು ಎಂದಲ್ಲ. ಊರ ಹಿರಿಯರ ರಾಜಿ ಪಂಚಾಯಿತಿ ಇಂದಿಗೂ ಇದೆ. ನೆರೆಯ ಚಿತ್ರದುರ್ಗ ಜಿಲ್ಲೆಯ ಸಿರಿಗೆರೆಯಲ್ಲಿ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರದಂದು ನಡೆಸುವ ವಿಚಾರಣೆ ಈ ಭಾಗದವರಿಗೆ ಅಪರಿಚಿತವೇನಲ್ಲ. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ‘ಹೊಯ್ಲು’ ಒಯ್ಯುವ ಪದ್ಧತಿಯಂತೂ ನಾಡಿಗೆಲ್ಲ ತಿಳಿದದ್ದು. ಶುಲ್ಕವಿಲ್ಲ, ವಕೀಲರಿಲ್ಲ, ವಾಯಿದೆಗಳ ಕಾಟವೂ ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ, ಗುರುಗಳ ಬಳಿಗೆ ಹೋಗುವುದು ಮಾನಗೇಡಲ್ಲ. ಜನ ಅಲ್ಲಿಗೆ ಹೋಗುವುದರಲ್ಲಿ ಪೂರ್ಣ ವಿವೇಕವಿದೆ. ಆದರೂ ಒಂದು ವ್ಯತ್ಯಾಸವನ್ನು ಮರೆಯಬಾರದು. ಪೀಠದಿಂದ ಬರುವುದು ತೀರ್ಮಾನ; ಅದನ್ನು ನಡೆಸಿಕೊಡುವುದು ಭಕ್ತಿ ಮತ್ತು ಸಮುದಾಯದ ಒತ್ತಡ. ಮಧ್ಯಸ್ಥಗಾರ ತೀರ್ಪು ಕೊಡುವುದಿಲ್ಲ. ಅವನ ಮುಂದೆ ಆಡಿದ ಮಾತು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದೂ ಇಲ್ಲ. ರಾಜಿಯಾಯಿತು ಅಥವಾ ಆಗಲಿಲ್ಲ ಎಂದಷ್ಟೇ ಅವನು ತಿಳಿಸಬೇಕು. ಊರ ಪಂಚಾಯಿತಿಯ ವಿಷಯವಂತೂ ಬೇರೆಯೇ. ಅಲ್ಲಿ ಹಿರಿಯರೆಂದರೆ ಬಹುಮಟ್ಟಿಗೆ ಗಂಡಸರು, ಅದರಲ್ಲಿಯೂ ಜಮೀನುಳ್ಳವರು. ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವ ಹೆಣ್ಣು ಒಪ್ಪಿದಳೆಂದು ಬೇರೆಯವರು ಹೇಳುತ್ತಾರೆ.

ಇಲ್ಲಿ ನನ್ನದೇ ಒಂದು ಪ್ರಸಂಗವನ್ನು ಹೇಳಿಬಿಡುತ್ತೇನೆ. ನಾನು ತಹಶೀಲ್ದಾರನಾಗಿದ್ದ ಬಯಲುಸೀಮೆಯ ತಾಲ್ಲೂಕೊಂದರಲ್ಲಿ, ಗಂಡನ ಮನೆ ಬಿಟ್ಟು ಮಗುವಿನೊಂದಿಗೆ ತವರು ಸೇರಿದ್ದ ಹೆಂಗಸೊಬ್ಬಳ ಅರ್ಜಿ ಬಂದಿತು. ಅದು ನನ್ನ ಅಧಿಕಾರವ್ಯಾಪ್ತಿಗೆ ಬರುವ ವಿಷಯವೇ ಆಗಿರಲಿಲ್ಲ. ಆದರೂ ಎರಡೂ ಕಡೆಯವರನ್ನು ಕರೆಸಿ ಎರಡು ಗಂಟೆ ಬುದ್ಧಿ ಹೇಳಿದೆ. ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡೆ. ಹೂವು ತರಿಸಿದರು, ಸಿಹಿ ಹಂಚಿದರು, ಅವರು ಒಟ್ಟಿಗೆ ಹೊರಟರು. ಆ ದಿನ ನನಗಾದ ಸಂತೋಷವನ್ನು ಬಚ್ಚಿಡಲಾರೆ. ಎಂಟು ತಿಂಗಳ ಮೇಲೆ ಜಮಾಬಂದಿಯ ದಿನ ಅದೇ ಹೆಂಗಸು ಬಂದಳು. ಹಿಂದಿನದನ್ನು ಎತ್ತಲಿಲ್ಲ, ದೂರಲಿಲ್ಲ. ತವರಿನ ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸಿಕೊಡಿ ಎಂದಷ್ಟೇ ಕೇಳಿದಳು. ಗಂಡನ ಮನೆಯ ಚೀಟಿಯಿಂದ ಹೆಸರು ತೆಗೆಸಿಕೊಂಡು ಬಾ ಎಂದು ನಿಯಮ ಹೇಳಿ ಕಳುಹಿಸಿದೆ. ಅವಳ ಎಡಗೈ ಮಣಿಕಟ್ಟು ಸೊಟ್ಟಗಾಗಿದ್ದುದನ್ನು ಗಮನಿಸಿದ್ದು ಅವಳು ಅರ್ಜಿಯನ್ನು ಮಡಿಸಿಕೊಳ್ಳುತ್ತಿದ್ದಾಗ.

ನಾನು ಅಂದು ಮಾಡಿದ್ದನ್ನು ಇಂದಿಗೂ ಅನೇಕ ವೇದಿಕೆಗಳು ಮಾಡುತ್ತಿವೆ. ಪ್ರತಿ ಲೋಕ ಅದಾಲತ್‌ನ ಮರುದಿನ ಪತ್ರಿಕೆಗಳಲ್ಲಿ ಹಾರ ಬದಲಾಯಿಸಿಕೊಳ್ಳುತ್ತಿರುವ ದಂಪತಿಗಳ ಚಿತ್ರ ಬರುತ್ತದೆ. ಇಷ್ಟು ಜೋಡಿ ಮತ್ತೆ ಒಂದಾಯಿತು ಎಂಬ ಶೀರ್ಷಿಕೆ ಇರುತ್ತದೆ. ಅವರಲ್ಲಿ ಹಲವರು ನಿಜವಾಗಿಯೂ ನೆಮ್ಮದಿಯಿಂದ ಬಾಳುತ್ತಿರಬಹುದು, ಬಾಳಲಿ. ಆದರೆ ಒಂದು ವರ್ಷದ ಮೇಲೆ ಹೋಗಿ ವಿಚಾರಿಸುವ ಪದ್ಧತಿ ಎಲ್ಲಿದೆ? ಒಂದಾದ ಜೋಡಿಗಳ ಸಂಖ್ಯೆಯೇ ಯಶಸ್ಸಿನ ಅಳತೆಗೋಲಾದರೆ ಸಮಾಲೋಚಕರು ಆ ಸಂಖ್ಯೆಗಾಗಿಯೇ ದುಡಿಯುತ್ತಾರೆ. ಯಾವುದನ್ನು ಅಳೆಯುತ್ತೇವೆಯೋ ಅದೇ ಉತ್ಪಾದನೆಯಾಗುತ್ತದೆ. ಕುಟುಂಬ ಯೋಜನೆಯ ಗುರಿಗಳ ಕಾಲದಲ್ಲಿ ಇದನ್ನು ನಾವೆಲ್ಲ ಚೆನ್ನಾಗಿ ಕಂಡವರು.

ಈ ಅಳತೆಗೋಲಿನಿಂದ ಅತಿ ಹೆಚ್ಚು ನಷ್ಟವಾಗುವುದು ಬೇರ್ಪಡಲೇಬೇಕಾದ ದಂಪತಿಗಳ ಮಕ್ಕಳಿಗೆ. ‘ಒಂದಾಗಲಿಲ್ಲ’ ಎಂದು ಬರೆದು ಕಡತ ಮುಚ್ಚಿದ ಮೇಲೆ ಅವರ ಪಾಲಿಗೆ ಯಾವ ಸೇವೆಯೂ ಉಳಿಯುವುದಿಲ್ಲ. ಗಂಡ-ಹೆಂಡತಿಯ ಸಂಬಂಧ ಮುಗಿಯಬಹುದು. ತಂದೆ-ತಾಯಿಯ ಸಂಬಂಧ ಮುಗಿಯುವುದಿಲ್ಲ. ಮಗು ಯಾರ ಮನೆಯಲ್ಲಿರಬೇಕು, ಶಾಲೆ ಯಾವುದು, ಹಬ್ಬಕ್ಕೆ ಎಲ್ಲಿ, ಜ್ವರ ಬಂದರೆ ಯಾರಿಗೆ ತಿಳಿಸಬೇಕು, ಖರ್ಚು ಯಾರದು ಎಂಬುದನ್ನು ಕೂಡಿ ಕುಳಿತು ಬರೆದುಕೊಳ್ಳುವಂತೆ ಮಾಡುವುದೇ ಪೋಷಕರ ಮಧ್ಯಸ್ಥಿಕೆ. ನಾರ್ವೆಯಲ್ಲಿ ಹದಿನಾರು ವರ್ಷದೊಳಗಿನ ಮಕ್ಕಳಿರುವ ದಂಪತಿ ಬೇರ್ಪಡುವ ಮೊದಲು ಇಂತಹ ಮಧ್ಯಸ್ಥಗಾರರ ಮುಂದೆ ಕನಿಷ್ಠ ಒಂದು ಗಂಟೆ ಕುಳಿತುಕೊಳ್ಳಲೇಬೇಕು. ಆಸ್ಟ್ರೇಲಿಯಾ 2006ರಿಂದ ಇದಕ್ಕಾಗಿಯೇ ಕುಟುಂಬ ಸಂಬಂಧ ಕೇಂದ್ರಗಳನ್ನು ತೆರೆಯಿತು. ಮಕ್ಕಳ ವಿಷಯದಲ್ಲಿ ನ್ಯಾಯಾಲಯದ ಬಾಗಿಲು ತಟ್ಟುವ ಮೊದಲು ಈ ಪ್ರಯತ್ನ ನಡೆದಿರಬೇಕೆಂದು ಕಾನೂನು ಮಾಡಿತು, ಹಿಂಸೆಯಿದ್ದ ಪ್ರಕರಣಗಳನ್ನು ಹೊರತುಪಡಿಸಿ. ಆ ಹೊರತುಪಡಿಕೆಯನ್ನು ಒತ್ತಿ ಹೇಳಬೇಕು. ಹೊಡೆದವನ ಎದುರು ಹೊಡೆಸಿಕೊಂಡವಳನ್ನು ಕೂರಿಸಿ ‘ಇಬ್ಬರೂ ಸ್ವಲ್ಪ ಸೋಲಿ’ ಎನ್ನುವುದು ಮಧ್ಯಸ್ಥಿಕೆಯಲ್ಲ.

ನಮ್ಮ ಕಾನೂನಿನಲ್ಲಿ ಇದಕ್ಕೆ ನೆಲೆಯಿಲ್ಲವೆನ್ನುವಂತಿಲ್ಲ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ, ಮಗುವಿನ ಕ್ಷೇಮವೇ ಪರಮ ಪರಿಗಣನೆಯೆಂದು 13ನೆಯ ಕಲಮಿನಲ್ಲಿ ಹೇಳಿದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯಿರಬೇಕೆಂದೂ ಹೇಳಿದೆ. 2013ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಪ್ರಕರಣವೊಂದರಲ್ಲಿ ಮಗು ವರ್ಷದ ಮೊದಲ ಆರು ತಿಂಗಳು ತಂದೆಯ ಬಳಿ, ಉಳಿದ ಆರು ತಿಂಗಳು ತಾಯಿಯ ಬಳಿ ಇರಲೆಂದೂ, ಇಬ್ಬರೂ ಖರ್ಚನ್ನು ಸಮನಾಗಿ ಹಂಚಿಕೊಳ್ಳಲೆಂದೂ ಆದೇಶಿಸಿತು. ಆ ಏರ್ಪಾಡು ಒಂದೇ ನಗರದಲ್ಲಿರುವವರಿಗೆ ಹೊಂದೀತು. ಒಬ್ಬರು ಸಿಂಗಟಗೆರೆಯಲ್ಲಿ, ಮತ್ತೊಬ್ಬರು ಪೀಣ್ಯದಲ್ಲಿ ಇದ್ದರೆ ಮಗು ವರ್ಷಕ್ಕೆರಡು ಸಲ ಶಾಲೆ ಬದಲಿಸಬೇಕಾಗುತ್ತದೆ. ಪ್ರತಿ ಕುಟುಂಬಕ್ಕೂ ಅದರದೇ ಏರ್ಪಾಡು ಬೇಕು, ಅದನ್ನು ಆ ಕುಟುಂಬವೇ ಹೊಲಿದುಕೊಳ್ಳಬೇಕು ಎನ್ನುವುದಕ್ಕೆ ಇದೇ ಕಾರಣ. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿ, ಪಾಲನಾ ಯೋಜನೆ, ಮಧ್ಯಸ್ಥಿಕೆ ಈ ಮೂರನ್ನೂ ವಿವರವಾಗಿ ಶಿಫಾರಸು ಮಾಡಿತು. ಆಯೋಗದ ವರದಿಗಳ ಗತಿ ಏನಾಗುತ್ತದೆಂಬುದನ್ನು ನಿವೃತ್ತ ಅಧಿಕಾರಿಯ ಬಾಯಿಂದ ಕೇಳುವ ಅಗತ್ಯ ಓದುಗರಿಗೆ ಇಲ್ಲ.

ಚೌಕಾಸಿಯಲ್ಲಿ ಕಾಯಬಲ್ಲವನೇ ಗೆಲ್ಲುತ್ತಾನೆ ಎಂಬುದು ಅರ್ಥಶಾಸ್ತ್ರದ ಹಳೆಯ ಪಾಠ. ತೋಟವಿರುವ ಗಂಡ ಎರಡು ವರ್ಷ ಕಾಯಬಲ್ಲ; ಮಗುವಿನ ಶುಲ್ಕ ಕಟ್ಟಬೇಕಾದ ತಾಯಿ ಎರಡು ತಿಂಗಳೂ ಕಾಯಲಾರಳು. ಮಧ್ಯಸ್ಥಿಕೆಯ ಮೇಜು ಮಟ್ಟಸವಾಗಬೇಕಾದರೆ ಮಧ್ಯಂತರ ಜೀವನಾಂಶ ಮೊದಲು ನಿಗದಿಯಾಗಬೇಕು. ಇಬ್ಬರೂ ಆಸ್ತಿ-ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದ್ದು ಈ ದೃಷ್ಟಿಯಿಂದ ಬಹು ಮುಖ್ಯ. ಕೋರ್ಟಿನ ಹೊರಗಿನ ರಾಜಿಗಳಲ್ಲಿ ಈ ಪ್ರಮಾಣಪತ್ರವನ್ನು ಯಾರೂ ಕೇಳುವುದಿಲ್ಲ.

ಹಾಗಾದರೆ ಸಿಂಗಟಗೆರೆಗೆ ಏನು ಬೇಕು? ಹೊಸ ಕಟ್ಟಡವಂತೂ ಬೇಡ. ಹೋಬಳಿಯಲ್ಲಿ ನಾಡಕಚೇರಿಯಿದೆ. ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಎಲ್ಲರೂ ಅಲ್ಲಿಗೆ ಬರುತ್ತಾರೆ. ಅಲ್ಲಿಗೆ ಬಂದವರನ್ನು ಏಕೆ ಬಂದಿರೆಂದು ಯಾರೂ ಅನುಮಾನಿಸುವುದಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ತರಬೇತಾದ ಮಧ್ಯಸ್ಥಗಾರರಿಬ್ಬರು, ಅವರಲ್ಲಿ ಒಬ್ಬರು ಮಹಿಳೆ, ಬೇರೆ ಹೋಬಳಿಯವರು, ಸಂತೆಯ ದಿನ ಅಲ್ಲಿಯೇ ಒಂದು ಒಳಕೊಠಡಿಯಲ್ಲಿ ಕುಳಿತರೆ ಮೇಲೆ ಹೇಳಿದ ಎರಡೂ ವೆಚ್ಚಗಳು ಇಳಿಯುತ್ತವೆ. ಬೇರೆ ಹೋಬಳಿಯವರು ಎಂದದ್ದು ಬೇಕೆಂದೇ. ಊರಿನವರಾದರೆ ಯಾರಿಗಾದರೂ ಬೀಗರೇ ಆಗಿರುತ್ತಾರೆ. ಬೆಂಗಳೂರಿನಲ್ಲಿರುವ ತಾಯಿ ಫೋನಿನ ವಿಡಿಯೊ ಕರೆಯಲ್ಲಿ ಭಾಗವಹಿಸಲಿ. ಕೋವಿಡ್ ಕಾಲದಲ್ಲಿ ನ್ಯಾಯಾಲಯಗಳೇ ಹಾಗೆ ನಡೆದವು. ಅಲ್ಲಾದ ಒಪ್ಪಂದವನ್ನು ಕಡೂರಿನ ಲೋಕ ಅದಾಲತ್‌ನಲ್ಲಿ ಒಂದೇ ದಿನ ದಾಖಲಿಸಿದರೆ ಡಿಕ್ರಿಯ ಬಲವೂ ಬರುತ್ತದೆ.

ಈ ಕೊನೆಯ ಹಂತವನ್ನು ಬಿಡುವಂತಿಲ್ಲ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ‘ಸಮುದಾಯ ಮಧ್ಯಸ್ಥಿಕೆ’ ಎಂಬ ಅಧ್ಯಾಯವಿದೆ. ನೆರೆಹೊರೆಯ ಹಾಗೂ ಕುಟುಂಬಗಳ ಶಾಂತಿಗೆ ಭಂಗ ತರುವ ವಿವಾದಗಳನ್ನು ಮೂವರು ಮಧ್ಯಸ್ಥಗಾರರ ಮುಂದೆ ಇರಿಸುವ ಆಶಯ ಒಳ್ಳೆಯದೇ. ಆದರೆ ಆ ಒಪ್ಪಂದ ಡಿಕ್ರಿಯಂತೆ ಜಾರಿಯಾಗುವುದಿಲ್ಲವೆಂದು ಕಾಯ್ದೆಯೇ ಹೇಳಿದೆ. ಮೇಲಾಗಿ ಆ ವರ್ಷದ ಅಕ್ಟೋಬರ್ 9ರಂದು ಕಾಯ್ದೆಯ ಕೆಲವು ಕಲಮುಗಳನ್ನು ಜಾರಿಗೆ ತಂದಾಗ ಈ ಅಧ್ಯಾಯ ಆ ಪಟ್ಟಿಯಲ್ಲಿರಲಿಲ್ಲ. ನಮ್ಮ ರಾಜ್ಯದ ಅನುಭವವೂ ಬೇರೆಯಲ್ಲ. 1983ರ ಪಂಚಾಯತ್ ಕಾಯ್ದೆಯ ಉದ್ದನೆಯ ಹೆಸರಿನಲ್ಲಿಯೇ ‘ನ್ಯಾಯ ಪಂಚಾಯಿತಿ’ ಎಂಬ ಪದವಿತ್ತು. 1993ರ ಕಾಯ್ದೆಯ ಹೆಸರಿನಿಂದ ಅದು ಸದ್ದಿಲ್ಲದೆ ಬಿದ್ದುಹೋಯಿತು.

ಇನ್ನು, ಯಾವ ಕುಟುಂಬಕ್ಕೆ ಈ ಸೇವೆ ಬೇಕಾಗಿದೆಯೆಂದು ಗುರುತಿಸುವುದು ಹೇಗೆ? ಇದಕ್ಕೆ ಸಮೀಕ್ಷೆ ಬೇಕಾಗಿಲ್ಲ. ಮನೆ ಒಡೆದದ್ದು ಮೊದಲು ಗೊತ್ತಾಗುವುದು ಮುಖ್ಯೋಪಾಧ್ಯಾಯರಿಗೆ ಮತ್ತು ಅಂಗನವಾಡಿ ಕಾರ್ಯಕರ್ತೆಗೆ. ಮಗು ವರ್ಷದ ನಡುವೆ ಗೈರುಹಾಜರಾಗುತ್ತದೆ, ಅಜ್ಜಿ ಬಂದು ವರ್ಗಾವಣೆ ಪತ್ರ ಕೇಳುತ್ತಾಳೆ, ತಂದೆಯ ಕಡೆಯವರು ಕೊಡಬೇಡಿ ಎನ್ನುತ್ತಾರೆ, ಪಡಿತರ ಚೀಟಿಯಲ್ಲಿ ಹೆಸರು ಒಂದೆಡೆ, ಉಣ್ಣುವ ಬಾಯಿ ಇನ್ನೊಂದೆಡೆ. ಈಗ ಇಂತಹ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರು ಮಾಡಬಹುದಾದದ್ದು ಎರಡೂ ಕಡೆಯವರನ್ನು ಸಮಾಧಾನಪಡಿಸಿ ಕಳುಹಿಸುವುದಷ್ಟೇ. ಅವರ ಕೈಯಲ್ಲಿ ಒಂದು ವಿಳಾಸ, ಒಂದು ದಿನಾಂಕ ಬರೆದ ಚೀಟಿಯಿದ್ದರೆ ಅದನ್ನು ಇಬ್ಬರಿಗೂ ಕೊಡಬಹುದು.

ಶಾಲೆಗಳು ಆರಂಭವಾದ ಮೇಲೆ ಸಿಂಗಟಗೆರೆಯ ಬಂಧುಗಳಿಗೆ ಫೋನ್ ಮಾಡಿದಾಗ ಬಸ್ ನಿಲ್ದಾಣದ ಆ ಹುಡುಗನ ಬಗ್ಗೆ ಕೇಳಿದೆ. ಅಜ್ಜಿಯ ಊರಿನ ಶಾಲೆಗೆ ಹೋಗುತ್ತಿದ್ದಾನಂತೆ. ಹಾಜರಿಪುಸ್ತಕದಲ್ಲಿ ಅವನ ಹೆಸರಿಲ್ಲ; ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಲು ಮೇಷ್ಟ್ರು ಬಿಟ್ಟಿದ್ದಾರೆ. ಹೆಸರು ತಾತನ ಊರಿನ ಶಾಲೆಯಲ್ಲಿಯೇ ಇದೆ.